ಕೆರಿಬಿಯನ್ ಕ್ರೂಸ್‌ನಲ್ಲಿ ಒಂದು ದಿನ ಕ್ಯಾಟಮರಾನ್ ಮೇಲೆ: ಸೇಂಟ್ ಲೂಸಿಯಾಗೆ ಹೊರಟ ಜೋಡಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಫೆಬ್ರವರಿಯಲ್ಲಿ ನಾನು, ನನ್ನ ಗಂಡ ಅಮೆರಿಕಕ್ಕೆ ಸೇರಿದ ಪೋರ್ಟೊ ರಿಕೋದ ಸಾನ್ ಹ್ವಾನ್‌ನಿಂದ ಏಳು ರಾತ್ರಿಯ ಕ್ರೂಸ್ ಹೋಗಿ ಬಂದೆವು. ಬಂದಾಗಿನಿಂದ ನೆಂಟರು, ಸ್ನೇಹಿತರು, ಸ್ನೇಹಿತರ ಮಕ್ಕಳು ಫೋನ್ ಮಾಡಿ ಕೇಳುವುದು ಹಡಗಿನ ಬಗ್ಗೆ ಅಲ್ಲ, ಸೇಂಟ್ ಲೂಸಿಯಾ ದ್ವೀಪದಲ್ಲಿ ಕ್ಯಾಟಮರಾನ್ ಎಂಬ ಜೋಡಿ ದೋಣಿಯ ಮೇಲೆ ಕಳೆದ ಆ ಒಂದು ದಿನದ ಬಗ್ಗೆ. ಎಲ್ಲರಿಗೂ ಅದೇ ಉತ್ತರ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಅಷ್ಟು ದ್ವೀಪಗಳಲ್ಲಿ ಸೇಂಟ್ ಲೂಸಿಯಾನೇ ಯಾಕೆ? ಕ್ಯಾಟಮರಾನ್ ಎಲ್ಲ ಕಡೆ ಇರುತ್ತಲ್ವಾ?

ಇರುತ್ತೆ. ಆದರೆ ಸುಮಾರು ಕಡೆ ಅದು ನಿಮ್ಮನ್ನು ಒಂದು ಬೀಚಿಗೆ ಕರೆದುಕೊಂಡು ಹೋಗಿ ವಾಪಸ್ ತರುವ ಬಸ್ ಇದ್ದ ಹಾಗೆ. ಇಲ್ಲಿ ದಾರಿಯೇ ನೋಡುವ ಜಾಗ. ದ್ವೀಪದ ಉದ್ದ ಸುಮಾರು 43 ಕಿಲೋಮೀಟರ್, ಅಗಲ 22. ಒಟ್ಟು ವಿಸ್ತೀರ್ಣ ಬೆಂಗಳೂರು ನಗರಕ್ಕಿಂತ ಕಮ್ಮಿ. ಹಡಗು ನಿಲ್ಲುವುದು ವಾಯವ್ಯದಲ್ಲಿರುವ ರಾಜಧಾನಿ ಕ್ಯಾಸ್ಟ್ರೀಸ್‌ನಲ್ಲಿ. ನೋಡಬೇಕಾದ್ದು ಇರುವುದು ನೈಋತ್ಯದ ಸೂಫ್ರಿಯೇರ್ ಊರಿನ ಹತ್ತಿರ. ರಸ್ತೆಯಲ್ಲಿ ಹೋದರೆ ನಮ್ಮ ಆಗುಂಬೆ ಘಾಟಿಯ ಹಾಗೆ ತಿರುವಿನ ಮೇಲೆ ತಿರುವು. ಸಮುದ್ರದಲ್ಲಿ ಹೋದರೆ ಹಸಿರು ಗುಡ್ಡ, ಕೊಲ್ಲಿ, ಮೀನುಗಾರರ ಹಳ್ಳಿ ಒಂದೊಂದಾಗಿ ಪಕ್ಕದಲ್ಲಿ ಸರಿಯುತ್ತವೆ.

ಗಾಳಿಯ ಲೆಕ್ಕವೂ ಇದೆ. ಈ ಭಾಗದಲ್ಲಿ ವರ್ಷದ ಹೆಚ್ಚು ದಿನ ಗಾಳಿ ಪೂರ್ವದಿಂದ ಬೀಸುತ್ತದೆ. ಗುಡ್ಡಗಳು ಅದನ್ನು ತಡೆಯುತ್ತವೆ. ಹಾಗಾಗಿ ಪಶ್ಚಿಮ ಕರಾವಳಿಯಲ್ಲಿ ಸಮುದ್ರ ಸಾಮಾನ್ಯವಾಗಿ ಶಾಂತ. ಪೂರ್ವದ ಅಟ್ಲಾಂಟಿಕ್ ಬದಿ ಹಾಗಲ್ಲ, ಅಲ್ಲಿ ಅಲೆ ಜೋರು. 2011ರ ನಂತರ ರಾಶಿ ರಾಶಿ ಬಂದು ಬೀಳುತ್ತಿರುವ ಸರ್ಗಾಸಮ್ ಎಂಬ ಕಂದು ಪಾಚಿಯ ಕಾಟವೂ ಆ ಬದಿಗೇ ಜಾಸ್ತಿ.

ಕ್ಯಾಟಮರಾನ್ ಅಂದ್ರೆ ಏನು? ಮಾಮೂಲಿ ದೋಣಿಗಿಂತ ಹೇಗೆ ಬೇರೆ?

ಹೆಸರು ನಮ್ಮ ಕಡೆಯದೇ. ತಮಿಳಿನ ‘ಕಟ್ಟುಮರಂ’. ಕಟ್ಟು, ಮರ, ಎರಡೂ ಕನ್ನಡದಲ್ಲೂ ಇವೆ, ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ವಸ್ತು ಬೇರೆ. ಕೋರಮಂಡಲ ತೀರದ ಕಟ್ಟುಮರ ಅಂದರೆ ಹಗ್ಗದಲ್ಲಿ ಬಿಗಿದ ಮರದ ದಿಮ್ಮಿಗಳು. ಈಗಿನದು ಎರಡು ಉದ್ದನೆಯ ದೋಣಿಗಳ ಮೇಲೆ ಒಂದು ಅಗಲವಾದ ಜಗಲಿ ಕಟ್ಟಿದ ಹಾಗೆ. ಇದರ ನಂಟು ಪೆಸಿಫಿಕ್ ದ್ವೀಪಗಳ ಜೋಡಿ ದೋಣಿಗಳ ಜೊತೆ ಜಾಸ್ತಿ. ಹೆಸರು ಒಬ್ಬರದು, ರೂಪ ಇನ್ನೊಬ್ಬರದು.

ನಿಮಗೆ ಬೇಕಾದ ವಿಷಯ ಇಷ್ಟು: ಅಗಲ ಇರುವುದರಿಂದ ಒಂದು ಪಕ್ಕಕ್ಕೆ ವಾಲುವುದಿಲ್ಲ. ನಡುವೆ ನೆರಳು, ಬೆಂಚು, ಒಂದು ಪುಟ್ಟ ಬಾರ್. ಮುಂದುಗಡೆ ಎರಡು ಮೂತಿಗಳ ನಡುವೆ ಬಿಗಿಯಾಗಿ ಎಳೆದು ಕಟ್ಟಿದ ಬಲೆ. ಅದರ ಮೇಲೆ ಬೋರಲು ಮಲಗಿದರೆ ನೀರು ಮೂಗಿನ ಕೆಳಗೇ ಓಡುತ್ತದೆ. ಎಲ್ಲ ಜೋಡಿಗಳಿಗೂ ಆ ಬಲೆಯೇ ಬೇಕು. ಹತ್ತಿದ ತಕ್ಷಣ ಅಲ್ಲಿಗೇ ಹೋಗಿ. ಆದರೆ ಅಲ್ಲಿ ನೆರಳಿಲ್ಲ, ನೀರು ಎರಚುತ್ತೆ, ಫೋನ್ ಜೋಪಾನ.

ಒಂದು ಸತ್ಯ ಹೇಳಿಬಿಡುತ್ತೇನೆ. ಪೂರ್ತಿ ಹಾಯಿ ಬಿಚ್ಚಿ ಗಾಳಿಯಲ್ಲೇ ಹೋಗುತ್ತೀರಿ ಅಂದುಕೊಳ್ಳಬೇಡಿ. ಹೋಗುವಾಗ ಸುಮಾರು ಹೊತ್ತು, ಬರುವಾಗ ಹೆಚ್ಚುಕಮ್ಮಿ ಪೂರ್ತಿ ನಮ್ಮದು ಇಂಜಿನ್‌ನಲ್ಲೇ ಓಡಿತು. ಹಡಗಿನ ಹೊತ್ತಿಗೆ ಮುಟ್ಟಬೇಕಲ್ಲ. ಹಾಯಿ ಏರಿಸಿದ್ದು ಮುಕ್ಕಾಲು ಗಂಟೆ ಇರಬಹುದು. ಇಂಜಿನ್ ಆರಿಸಿದ ಆ ಕ್ಷಣ ಇದೆಯಲ್ಲ, ಹಾಯಿಯ ಪಟಪಟ, ಹಗ್ಗದ ಕಿರ್ ಕಿರ್ ಬಿಟ್ಟರೆ ಏನೂ ಇಲ್ಲ. ಅಷ್ಟು ಹೊತ್ತು ಮೂವತ್ತು ಜನ ತಾವಾಗಿಯೇ ಸುಮ್ಮನಾದರು.

ವೀಸಾ ಏನೇನು ಬೇಕು?

ಭಾರತದ ಪಾಸ್‌ಪೋರ್ಟ್ ಇದ್ದು ಮಯಾಮಿಯಿಂದಲೋ ಸಾನ್ ಹ್ವಾನ್‌ನಿಂದಲೋ ಹಡಗು ಹತ್ತುವವರಿಗೆ ಅಮೆರಿಕದ ವೀಸಾ ಬೇಕೇ ಬೇಕು. ಒಂದೇ ಸಲದ ಪ್ರವೇಶದ್ದಾದರೆ ಸಾಲದು. ಹಡಗು ಹೊರಟರೆ ನೀವು ಅಮೆರಿಕ ಬಿಟ್ಟಂತೆ, ವಾಪಸ್ ಬಂದರೆ ಮತ್ತೆ ಪ್ರವೇಶ. ಉಳಿದ ದ್ವೀಪಗಳು ಬೇರೆ ಬೇರೆ ದೇಶಗಳು, ನಿಯಮವೂ ಬೇರೆ ಬೇರೆ. ಮಾರ್ಟಿನಿಕ್, ಗ್ವಾಡಲೂಪ್ ಫ್ರಾನ್ಸಿಗೆ ಸೇರಿದ್ದರೂ ಕೈಲಿರುವ ಮಾಮೂಲಿ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಅಲ್ಲಿ ತಾನಾಗಿ ನಡೆಯುವುದಿಲ್ಲ. ಬುಕ್ ಮಾಡುವ ಮೊದಲೇ ನಿಮ್ಮ ಪೂರ್ತಿ ದಾರಿಯನ್ನು ಹಡಗಿನ ಕಂಪನಿಗೆ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ಇಟ್ಟುಕೊಳ್ಳಿ. ಸ್ನೇಹಿತರ ಮಾತು ನಂಬಬೇಡಿ, ನನ್ನದೂ ಸೇರಿ.

ಯಾವ ತಿಂಗಳು ಒಳ್ಳೆಯದು?

ಡಿಸೆಂಬರ್ ಕೊನೆಯಿಂದ ಮೇ ತನಕ ಮಳೆ ಕಮ್ಮಿ. ಚಂಡಮಾರುತದ ಕಾಲ ಅಂತ ಗುರುತಿಸಿರುವುದು ಜೂನ್ 1ರಿಂದ ನವೆಂಬರ್ 30. ಆಗ ಟಿಕೆಟ್ ಅಗ್ಗ, ಆದರೆ ಹಡಗಿನ ದಾರಿಯೇ ಬದಲಾಗಬಹುದು. ಒಣಗಾಲದಲ್ಲೂ ಹತ್ತು ನಿಮಿಷದ ಮಳೆ ಬಂದು ಹೋಗುತ್ತೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಹಡಗಿನವರ ಹತ್ತಿರವೇ ಟೂರ್ ಬುಕ್ ಮಾಡಬೇಕಾ? ಹೊರಗೆ ಅಗ್ಗ ಸಿಗುತ್ತಲ್ಲ.

ಸಿಗುತ್ತೆ. ಜನವೂ ಕಮ್ಮಿ ಇರುತ್ತಾರೆ. ವ್ಯತ್ಯಾಸ ಒಂದೇ: ಹಡಗಿನ ಮೂಲಕ ಮಾಡಿದ ಟೂರ್ ತಡವಾದರೆ ಹಡಗು ಕಾಯುತ್ತದೆ. ಹೊರಗಿನದಾದರೆ ಕಾಯುವುದಿಲ್ಲ, ಮುಂದಿನ ದ್ವೀಪಕ್ಕೆ ವಿಮಾನದ ಖರ್ಚು ನಿಮ್ಮದು.

ನಾವು ಹೊರಗೆ ಮಾಡಿದೆವು. ಒಬ್ಬರಿಗೆ 115 ಡಾಲರ್, ಊಟ ಸೇರಿ. ಹಡಗು ಹೊರಡುವುದಕ್ಕೆ ಎರಡು ಗಂಟೆ ಮೊದಲು ವಾಪಸ್ ತಂದುಬಿಡುವವರನ್ನು ಹುಡುಕಿದೆವು. ಹತ್ತುವ ಗಡುವು ಸಾಮಾನ್ಯವಾಗಿ ಹೊರಡುವುದಕ್ಕಿಂತ ಅರ್ಧ ಗಂಟೆ ಮೊದಲು ಇರುತ್ತದೆ, ಅದನ್ನು ಮರೆಯಬೇಡಿ.

ಗಡಿಯಾರದ ಗೊಂದಲಕ್ಕೆ ಸುಮಾರು ಜನ ಬೀಳುತ್ತಾರೆ. ಸೇಂಟ್ ಲೂಸಿಯಾ ಭಾರತಕ್ಕಿಂತ 9 ಗಂಟೆ 30 ನಿಮಿಷ ಹಿಂದೆ, ವರ್ಷಪೂರ್ತಿ. ಮಯಾಮಿ ಚಳಿಗಾಲದಲ್ಲಿ ಇನ್ನೂ ಒಂದು ಗಂಟೆ ಹಿಂದೆ. ಕೆಲವು ಹಡಗುಗಳು ಹೊರಟ ಊರಿನ ಸಮಯವನ್ನೇ ಇಟ್ಟುಕೊಳ್ಳುತ್ತವೆ. ನಿಮ್ಮ ಫೋನ್ ಮಾತ್ರ ದ್ವೀಪದ ಸಿಗ್ನಲ್ ಹಿಡಿದು ತಾನೇ ಬದಲಾಗಿರುತ್ತದೆ. ಒಂದು ಮಾಮೂಲಿ ಕೈಗಡಿಯಾರವನ್ನು ಹಡಗಿನ ಸಮಯಕ್ಕಿಟ್ಟು ಕಟ್ಟಿಕೊಳ್ಳಿ. ಇವರು ಹಳೆಯ ಎಚ್‌ಎಂಟಿ ಕಟ್ಟಿಕೊಂಡಿದ್ದರು. ಅದಕ್ಕೆ ನೀರು ಹೋಯಿತು, ಅದು ಬೇರೆ ಕಥೆ.

ಯಾವ ಟೂರ್ ಆರಿಸಬೇಕು? ಒಂದರಲ್ಲಿ ಆರು ಜಾಗ, ಇನ್ನೊಂದರಲ್ಲಿ ಮೂರೇ ಇದೆ.

ಮೂರೇ ಇರುವುದನ್ನು ತಗೊಳ್ಳಿ. ನಾನು ಇಷ್ಟು ಖಡಾಖಂಡಿತವಾಗಿ ಹೇಳುವ ಮಾತು ಇದೊಂದೇ.

ಕಾಸು ಕೊಟ್ಟಿದ್ದೇವೆ, ಎಲ್ಲ ನೋಡಿಬಿಡಬೇಕು ಅಂತ ನಮಗೆ ಆಸೆ. ಜ್ವಾಲಾಮುಖಿ, ಕೆಸರಿನ ಸ್ನಾನ, ಜಲಪಾತ, ಕೋಕೋ ತೋಟ, ಸ್ನಾರ್ಕೆಲಿಂಗ್ (ಮಾಸ್ಕ್, ಉಸಿರಾಟದ ಕೊಳವೆ ಹಾಕಿ ಮುಖ ನೀರಿಗಿಟ್ಟು ತೇಲುವುದು), ಬೀಚ್ ಎಲ್ಲ ಒಂದೇ ದಿನ ಹಾಕಿರುತ್ತಾರೆ. ಲೆಕ್ಕ ಹಾಕಿ: ಕ್ಯಾಸ್ಟ್ರೀಸ್‌ನಿಂದ ಸೂಫ್ರಿಯೇರ್‌ಗೆ ಒಂದೂವರೆ ಗಂಟೆ, ವಾಪಸ್ ಅಷ್ಟೇ. ಸಿಗುವುದು ಏಳು ಗಂಟೆಯ ದಿನ. ಉಳಿದ ನಾಲ್ಕು ಗಂಟೆಯಲ್ಲಿ ಆರು ಜಾಗ ಅಂದರೆ ವ್ಯಾನ್ ಹತ್ತು, ಇಳಿ, ಫೋಟೋ, ಮತ್ತೆ ಹತ್ತು. ನಮ್ಮ ಹಡಗಿನಲ್ಲಿದ್ದ ಗುಜರಾತಿ ಜೋಡಿ ಅದನ್ನೇ ಮಾಡಿದ್ದರು. ರಾತ್ರಿ ಊಟಕ್ಕೆ ಕೂತಾಗ ಯಾವ ಫೋಟೋ ಯಾವ ಜಾಗದ್ದು ಅಂತ ಇಬ್ಬರಿಗೂ ಜಗಳ.

ನಮ್ಮದರಲ್ಲಿ ಇದ್ದದ್ದು ಬಿಸಿನೀರಿನ ಬುಗ್ಗೆ, ಊಟ, ಮತ್ತು ಆನ್ಸ್ ಕೊಶಾನ್ ಕೊಲ್ಲಿಯಲ್ಲಿ ಈಜು. ಅಷ್ಟೇ. ಬರುವಾಗ ಮಾರಿಗೋ ಬೇ ಒಳಗೆ ಸುಮ್ನೆ ಒಂದು ಸುತ್ತು ಹಾಕಿಸಿದರು. ಬಾಯಿ ಕಿರಿದು, ಒಳಗೆ ಹೋದರೆ ತೆಂಗಿನ ಮರಗಳ ನಡುವೆ ಕೆರೆಯ ಹಾಗೆ ನಿಂತ ನೀರು. ಹಿಂದೆ ಇಂಗ್ಲಿಷರು ಕಂಬಗಳಿಗೆ ತೆಂಗಿನ ಗರಿ ಕಟ್ಟಿ ಹಡಗುಗಳನ್ನು ಇಲ್ಲೇ ಫ್ರೆಂಚರಿಂದ ಬಚ್ಚಿಟ್ಟಿದ್ದರಂತೆ. ದೋಣಿಯವರ ಕಟ್ಟುಕಥೆ ಇರಬಹುದು. ಆದರೆ ಈ ದ್ವೀಪ ಆ ಇಬ್ಬರ ನಡುವೆ 14 ಸಲ ಕೈ ಬದಲಾಯಿಸಿದ್ದು ಕಥೆಯಲ್ಲ. ಅದಕ್ಕೇ ಊರುಗಳ ಹೆಸರು ಫ್ರೆಂಚ್, ಆಡಳಿತ ಭಾಷೆ ಇಂಗ್ಲಿಷ್, ಮನೆಮಾತು ಫ್ರೆಂಚ್ ಮೂಲದ ಕ್ವೇಯೋಲ್.

ಸೂಫ್ರಿಯೇರ್ ಹತ್ತಿರದ ಆ ಎರಡು ಚೂಪು ಬೆಟ್ಟ ದೋಣಿಯಿಂದ ಚೆನ್ನಾಗಿ ಕಾಣುತ್ತಾ?

ದೋಣಿಯಿಂದಲೇ ಚೆನ್ನ. ಗ್ರೋ ಪಿಟೋನ್ 770 ಮೀಟರ್, ಪೆಟಿ ಪಿಟೋನ್ 743. ನಮ್ಮ ಮುಳ್ಳಯ್ಯನಗಿರಿಯ ಅರ್ಧಕ್ಕೂ ಇಲ್ಲ. ಆದರೆ ಇವು ಸೀದಾ ಸಮುದ್ರದಿಂದಲೇ ಎದ್ದಿವೆ, ಹಾಗಾಗಿ ಪೂರ್ತಿ ಎತ್ತರ ಒಂದೇ ನೋಟಕ್ಕೆ ಸಿಗುತ್ತದೆ. 2004ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ. ದೇಶದ ಬಾವುಟದಲ್ಲಿರುವ ತ್ರಿಕೋನ ಇವೇ, ಅಲ್ಲಿನ ಬಿಯರಿನ ಹೆಸರೂ ಪಿಟೋನ್.

ಹೋಗುವಾಗ ಬಹಳ ಹೊತ್ತು ಕಾಣುವುದೇ ಇಲ್ಲ. ಒಂದು ಗುಡ್ಡದ ಮೂಗು ದಾಟಿದ ಮೇಲೆ ಪೆಟಿ ಪಿಟೋನ್ ತಟ್ಟನೆ ಎದುರಿಗೆ ನಿಲ್ಲುತ್ತದೆ. ಅದಾದ ಸ್ವಲ್ಪ ಹೊತ್ತಿಗೆ ಗಂಧಕದ ವಾಸನೆ ಬರುತ್ತದೆ. ಕೊಳೆತ ಮೊಟ್ಟೆ ಅಂತಾರೆ ಎಲ್ಲರೂ. ಮೊಟ್ಟೆ ತಿನ್ನದವರು ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್ ನೆನೆಸಿಕೊಳ್ಳಿ. ಊರಿನ ಹೆಸರು ಬಂದದ್ದೂ ಫ್ರೆಂಚಿನ ಗಂಧಕದಿಂದಲೇ.

ಕೆಸರಿನ ಸ್ನಾನ ಮಾಡಬೇಕಾ? ಒಡವೆ ಏನು ಮಾಡೋದು?

ಮಾಡಿ, ಒಂಥರಾ ತಮಾಷೆ ಇದೆ. ಸಲ್ಫರ್ ಸ್ಪ್ರಿಂಗ್ಸ್‌ನಲ್ಲಿ ಬಿಸಿನೀರಿನ ತೊಟ್ಟಿಗಳಿವೆ. ಬಕೆಟ್ಟಿನಲ್ಲಿ ಇಟ್ಟಿರುವ ಬೂದು ಕೆಸರು ಬಳಿದುಕೊಂಡು, ಒಣಗಿಸಿಕೊಂಡು, ಮತ್ತೆ ನೀರಿಗೆ ಇಳಿಯುವುದು. ಬೆನ್ನಿಗೆ ಕೈ ಎಟಕುವುದಿಲ್ಲ, ಜೋಡಿಯಾಗಿ ಹೋಗಿದ್ದಕ್ಕೆ ಅದೊಂದು ಅನುಕೂಲ. ಕುದಿಯುವ ಹೊಂಡಗಳ ಹತ್ತಿರಕ್ಕೆ ಬಿಡುವುದಿಲ್ಲ, ಕಟ್ಟೆಯ ಮೇಲಿಂದ ನೋಡಬೇಕು. ಇಲ್ಲಿ ಕೊನೆಯ ಸಲ ಸ್ಫೋಟ ಆಗಿದ್ದು 1766ರಲ್ಲಿ, ಅದೂ ಹಬೆಯ ಸ್ಫೋಟ.

ಈಗ ಒಡವೆ. ಚಿನ್ನಕ್ಕೆ ಏನೂ ಆಗುವುದಿಲ್ಲ. ಬೆಳ್ಳಿಯನ್ನು ಬಿಚ್ಚಿಡಿ. ನನಗೆ ಯಾರೂ ಹೇಳಿರಲಿಲ್ಲ. ತೊಟ್ಟಿಯಿಂದ ಎದ್ದು ನೋಡಿದರೆ ಕಾಲುಂಗುರ ಎರಡೂ ಇದ್ದಿಲಿನ ಹಾಗೆ ಕಪ್ಪು. ಕೆಸರು ಅಂದುಕೊಂಡು ಉಜ್ಜಿದೆ, ಉಜ್ಜಿದೆ, ಹೋಗಲೇ ಇಲ್ಲ. ಪಕ್ಕದಲ್ಲಿದ್ದ ಸ್ಥಳೀಯ ಅಜ್ಜಿ ‘ಬೆಳ್ಳಿ, ಬೆಳ್ಳಿ’ ಅಂತ ನಕ್ಕರು. ಗಂಧಕ ತಾಗಿದರೆ ಬೆಳ್ಳಿ ಕಪ್ಪಾಗುವುದು ಶಾಲೆಯಲ್ಲಿ ಓದಿದ್ದೇ, ನೆನಪಾಗಬೇಕಲ್ಲ. ಮನೆಗೆ ಬಂದ ಮೇಲೆ ವಿಭೂತಿ ಹಾಕಿ ತಿಕ್ಕಿದರೆ ಮುಕ್ಕಾಲು ಪಾಲು ಹೋಯಿತು. ಗೀರುಗಳ ಒಳಗೆ ಇನ್ನೂ ಇದೆ. ತೆಳು ಬಣ್ಣದ ಬಟ್ಟೆಗೂ ಇದೇ ಗತಿ, ಹಳೇ ಕಪ್ಪು ಬಟ್ಟೆ ಹಾಕಿಕೊಳ್ಳಿ.

ನಮಗೆ ಈಜು ಬರಲ್ಲ. ಹೋಗಿ ಏನು ಮಾಡೋದು?

ಅತಿ ಜಾಸ್ತಿ ಬರುವ ಪ್ರಶ್ನೆ ಇದು. ನಮ್ಮಿಬ್ಬರಲ್ಲಿ ನನಗೆ ಅಷ್ಟಿಷ್ಟು ಬರುತ್ತೆ, ಇವರಿಗೆ ಸ್ವಲ್ಪವೂ ಬರಲ್ಲ.

ಹತ್ತುವಾಗಲೇ ಸಿಬ್ಬಂದಿಗೆ ಹೇಳಿಬಿಡಿ. ನಾಚಿಕೆ ಬೇಡ, ಅವರಿಗೆ ದಿನಾ ಇಂಥವರೇ ಸಿಗುತ್ತಾರೆ. ಲೈಫ್ ಜಾಕೆಟ್ ಕೊಡುತ್ತಾರೆ. ಅದರ ಮೇಲೆ ‘ನೂಡಲ್’ ಅನ್ನುವ ಉದ್ದನೆಯ ತೇಲುವ ಕೊಳವೆ ಕೇಳಿ ಇಸ್ಕೊಂಡು ಕಂಕುಳ ಕೆಳಗೆ ಸಿಕ್ಕಿಸಿಕೊಳ್ಳಿ. ದೋಣಿಯ ಮೆಟ್ಟಿಲಿನಿಂದ ನಿಧಾನಕ್ಕೆ ಇಳಿಯಬಹುದು, ಧುಮುಕಲೇಬೇಕು ಅಂತೇನಿಲ್ಲ. ಮೊದಲು ಮಾಸ್ಕ್ ಹಾಕಿ, ಮೆಟ್ಟಿಲು ಹಿಡಿದುಕೊಂಡೇ ಮುಖ ನೀರಿಗಿಟ್ಟು ಸ್ನಾರ್ಕೆಲ್ ಕೊಳವೆಯ ಮೂಲಕ ಬಾಯಲ್ಲಿ ಉಸಿರಾಡಿ. ಐದು ನಿಮಿಷ ಅದೊಂದನ್ನೇ ಮಾಡಿ.

ಮೀಸೆ ಇರುವವರಿಗೆ ಒಂದು ಮಾತು. ಮಾಸ್ಕ್‌ನ ರಬ್ಬರ್ ಅಂಚು ಮೀಸೆಯ ಮೇಲೆ ಕೂತರೆ ನೀರು ಒಳಗೆ ನುಗ್ಗುತ್ತೆ. ಇವರು ಮೂರು ಮಾಸ್ಕ್ ಬದಲಾಯಿಸಿ, ಮೂರೂ ತೂತು ಅಂತ ಸಿಟ್ಟಾಗಿ, ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. ಹುಡುಗನೊಬ್ಬ ಬಂದು ವ್ಯಾಸಲೀನ್ ಡಬ್ಬಿ ಕೊಟ್ಟ. ಮೀಸೆಗೆ ದಪ್ಪಗೆ ಬಳಿದ ಮೇಲೆ ಒಂದು ಹನಿ ಒಳಗೆ ಹೋಗಲಿಲ್ಲ. ಆಮೇಲೆ ಅವರನ್ನು ನೀರಿನಿಂದ ಎಬ್ಬಿಸುವುದೇ ಕಷ್ಟವಾಯಿತು. ಮೇಲೆ ಬಂದು ಹೇಳಿದ ಮೊದಲ ಮಾತು, ‘ಕೇಳಿಸ್ತಾ ನಿಂಗೆ?’ ಕೇಳಿಸಿತ್ತು. ಗಿಳಿಮೀನು ಹವಳದ ಬಂಡೆಯನ್ನು ಕಚ್ಚಿ ಕೆರೆಯುವ ಕಟಕಟ ಸದ್ದು. ಚಕ್ಕುಲಿ ಕಡಿದ ಹಾಗೆ. ಅದು ಹೀಗೆ ಅರೆದು ಹೊರಗೆ ಹಾಕಿದ್ದೇ ಕೆರಿಬಿಯನ್ ಬೀಚುಗಳ ಬಿಳಿ ಮರಳಿನ ಒಂದು ಪಾಲು.

ಕನ್ನಡಕದವರು ಪವರ್ ಇರುವ ಮಾಸ್ಕ್ ಇದೆಯಾ ಅಂತ ಮೊದಲೇ ವಿಚಾರಿಸಿ. ಹವಳವನ್ನು ಮುಟ್ಟಬೇಡಿ, ಮೇಲೆ ನಿಲ್ಲಬೇಡಿ. ಕಲ್ಲುಗಳ ಸಂದಿಯಲ್ಲಿ ಕಪ್ಪು ಮುಳ್ಳಿನ ಉಂಡೆಗಳಂಥ ಜೀವಿ ಇರುತ್ತೆ, ಮುಳ್ಳು ಚುಚ್ಚಿದರೆ ಒಳಗೇ ಮುರಿಯುತ್ತೆ. ಇನ್ನು ಹೃದಯದ ತೊಂದರೆ, ಉಬ್ಬಸ ಇರುವವರು ಡಾಕ್ಟರನ್ನು ಕೇಳದೆ ಇಳಿಯಬೇಡಿ.

ವಾಂತಿ ಆಗುತ್ತಾ?

ಆಗಬಹುದು. ಕ್ಯಾಟಮರಾನ್ ವಾಲುವುದಿಲ್ಲ ಸರಿ, ಆದರೆ ಸಣ್ಣ ಸಣ್ಣ ಕುಲುಕಾಟ ಇರುತ್ತೆ. ವಾಪಸ್ ಬರುವಾಗ ಜಾಸ್ತಿ. ಘಾಟಿಯಲ್ಲಿ ಅವೋಮಿನ್ ನುಂಗುವವರಾದರೆ ಇಲ್ಲೂ ಬೇಕಾಗುತ್ತೆ. ಹೊರಡುವ ಮೊದಲೇ ನುಂಗಬೇಕು, ಶುರುವಾದ ಮೇಲೆ ಪ್ರಯೋಜನ ಕಮ್ಮಿ. ನಿದ್ದೆ ಬರುತ್ತೆ, ಅದರ ಜೊತೆ ರಮ್ ಕುಡಿಯಬೇಡಿ. ಖಾಲಿ ಹೊಟ್ಟೆಯಲ್ಲಿ ಹೋದರೆ ವಾಂತಿ ಆಗಲ್ಲ ಅನ್ನುವುದು ತಪ್ಪು. ಎರಡು ತುಂಡು ಒಣ ಬ್ರೆಡ್ ತಿಂದುಕೊಂಡೇ ಹೊರಡಿ. ಫೋನ್ ನೋಡದೆ ದೂರದ ದಿಗಂತ ನೋಡಿ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತಾ?

ಸಿಗುತ್ತೆ, ಆದರೆ ಹೇಳಿದ್ದನ್ನೇ ಎರಡು ಸಲ ಹೇಳಬೇಕು. ನಾವು ಬುಕ್ ಮಾಡುವಾಗ ಬರೆದಿದ್ದೆವು. ಅಲ್ಲಿ ಹೋದರೆ ಯಾರಿಗೂ ಗೊತ್ತಿರಲಿಲ್ಲ. ಅನ್ನ ಬೀನ್ಸ್, ಹುರಿದ ಬಾಳೆಹಣ್ಣು, ಸಲಾಡ್ ಹಾಕಿ ಕೊಟ್ಟರು. ಹೊಟ್ಟೆ ತುಂಬಿತು.

ಹೆಸರುಗಳಲ್ಲಿ ಮೋಸ ಹೋಗಬೇಡಿ. ಅಲ್ಲಿ ‘ಗ್ರೀನ್ ಫಿಗ್’ ಅಂದರೆ ಅಂಜೂರ ಅಲ್ಲ, ನಮ್ಮ ಬಾಳೆಕಾಯಿ. ಅದರ ಜೊತೆ ಬರುವ ‘ಸಾಲ್ಟ್‌ಫಿಶ್’ ಉಪ್ಪುಮೀನು, ಎರಡೂ ಸೇರಿ ಅವರ ರಾಷ್ಟ್ರೀಯ ಖಾದ್ಯ. ‘ಕಲಲೂ’ ಸಾರು ಕೆಸುವಿನಂಥ ಎಲೆಯದು. ನೋಡಿದರೆ ಪತ್ರೊಡೆಯ ನೆನಪಾಗುತ್ತೆ, ಆದರೆ ಒಳಗೆ ಏಡಿಯೋ ಉಪ್ಪು ಮಾಂಸವೋ ಇರಬಹುದು, ಕೇಳಿಯೇ ತಿನ್ನಿ. ‘ಬ್ರೆಡ್‌ಫ್ರೂಟ್’ ನಮ್ಮ ಮಂಗಳೂರು ಕಡೆಯ ಜೀಗುಜ್ಜೆ. ಕೆಂಡದ ಮೇಲೆ ಇಡಿಯಾಗಿ ಸುಟ್ಟು, ಕಪ್ಪು ಸಿಪ್ಪೆ ಕೆತ್ತಿ, ಹೋಳು ಮಾಡಿ ಕೊಡುತ್ತಾರೆ. ಅದೊಂದು ತಿನ್ನಲೇಬೇಕು. ಪೆಸಿಫಿಕ್‌ನಿಂದ ಆ ಗಿಡಗಳನ್ನು ಕೆರಿಬಿಯನ್‌ಗೆ ಹೊತ್ತು ತಂದದ್ದು 1793ರಲ್ಲಿ ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ಬ್ಲೈ, ತೋಟದ ಗುಲಾಮರಿಗೆ ಅಗ್ಗದ ಊಟಕ್ಕೆಂದು.

ರೊಟ್ಟಿ ಕೂಡ ಸಿಗುತ್ತೆ, ‘ರೋಟಿ’ ಅಂತಲೇ ಕರೆಯುತ್ತಾರೆ. ಒಳಗೆ ಆಲೂಗಡ್ಡೆ, ಕಡಲೆಯ ಪಲ್ಯ. 1859ರಿಂದ ಕಬ್ಬಿನ ತೋಟಕ್ಕೆ ಭಾರತದಿಂದ ಕೂಲಿಯವರನ್ನು ತಂದಿದ್ದರು. ಅವರ ಮೊಮ್ಮಕ್ಕಳು ಮರಿಮಕ್ಕಳು ಈಗಲೂ ಅಲ್ಲಿದ್ದಾರೆ.

ಸ್ವಿಮ್‌ಸೂಟ್ ಹಾಕಲೇಬೇಕಾ?

ಏನೂ ಇಲ್ಲ. ನಾನು ಹಾಕಿದ್ದು ಉದ್ದ ತೋಳಿನ ಈಜು ಟೀ ಶರ್ಟ್, ಮೊಣಕಾಲು ದಾಟುವ ಈಜು ಪ್ಯಾಂಟು. ಯಾರೂ ತಿರುಗಿ ನೋಡಲಿಲ್ಲ. ಬಿಸಿಲಿಗೂ ಅದೇ ಒಳ್ಳೆಯದು. ಕಾಟನ್ ಚೂಡಿದಾರ್ ಬೇಡ, ನೀರು ಕುಡಿದು ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತೆ. ಇವರು ಚಡ್ಡಿ ಹಾಕಿ ಬೋರಲು ತೇಲಿದ್ದರಿಂದ ಮೊಣಕಾಲಿನ ಹಿಂದುಗಡೆ ಸುಟ್ಟು, ಮೂರು ದಿನ ಮೆಟ್ಟಿಲು ಹತ್ತುವಾಗ ಅಯ್ಯಪ್ಪಾ ಅನ್ನುತ್ತಿದ್ದರು. ಸನ್‌ಸ್ಕ್ರೀನ್ ಹಚ್ಚುವಾಗ ಆ ಜಾಗ ಮರೆಯಬೇಡಿ.

ಮುಖ್ಯವಾದದ್ದು: ಸೈನಿಕರ ಮಚ್ಚೆ ವಿನ್ಯಾಸದ ಬಟ್ಟೆ ಬೇಡವೇ ಬೇಡ. ಟೋಪಿ, ಬ್ಯಾಗ್ ಕೂಡ. ಸೇಂಟ್ ಲೂಸಿಯಾ, ಬಾರ್ಬಡೋಸ್‌ನಂಥ ದ್ವೀಪಗಳಲ್ಲಿ ಜನಸಾಮಾನ್ಯರು ಅದನ್ನು ಹಾಕುವುದು ಕಾನೂನಿಗೆ ವಿರುದ್ಧ.

ಚಪ್ಪಲಿ ಹತ್ತುವಾಗಲೇ ಬುಟ್ಟಿಗೆ ಹಾಕಿಸಿಕೊಳ್ಳುತ್ತಾರೆ. ದೇವಸ್ಥಾನದ ಹಾಗೆಯೇ, ಇಳಿಯುವಾಗ ಅದಲು ಬದಲು ಆಗುವುದೂ ಹಾಗೆಯೇ.

ದುಡ್ಡು ಯಾವುದು ಬೇಕು?

ಅಲ್ಲಿನದು ಈಸ್ಟ್ ಕೆರಿಬಿಯನ್ ಡಾಲರ್. 1976ರಿಂದ ಒಂದು ಅಮೆರಿಕನ್ ಡಾಲರ್‌ಗೆ 2.70, ಬದಲಾಗಿಲ್ಲ. ಅಮೆರಿಕನ್ ಡಾಲರ್ ಎಲ್ಲ ಕಡೆ ನಡೆಯುತ್ತೆ. ಚಿಲ್ಲರೆ ನೋಟು ಇಟ್ಟುಕೊಳ್ಳಿ. ಬೆಲೆ ಹೇಳಿದಾಗ ಯಾವ ಡಾಲರ್ ಅಂತ ಕೇಳಿ. ಟಿಪ್ಸ್ ನಾವು ನೂರಕ್ಕೆ ಹದಿನೈದರ ಲೆಕ್ಕದಲ್ಲಿ ಕೊಟ್ಟೆವು.

ಬೀಚಿನಲ್ಲಿ ಹುಷಾರಾಗಿರಬೇಕಾದ್ದು ಏನಾದರೂ ಇದೆಯಾ?

ಒಂದು ಮರ ಇದೆ, ಮ್ಯಾಂಚಿನೀಲ್. ಹಸಿರು ಪುಟ್ಟ ಸೇಬಿನಂಥ ಕಾಯಿ, ನೋಡೋಕೆ ಚೆಂದ. ಕಾಯಿ ವಿಷ, ಹಾಲು ತಾಗಿದರೆ ಚರ್ಮ ಬೊಬ್ಬೆ ಏಳುತ್ತೆ. ಮಳೆ ಬಂದಾಗ ಅದರ ಕೆಳಗೆ ನಿಂತರೂ ಎಲೆಯಿಂದ ತೊಟ್ಟಿಕ್ಕುವ ನೀರು ಸುಡುತ್ತೆ. ಕೆಲವು ಕಡೆ ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರುತ್ತಾರೆ. ಗುರುತು ಗೊತ್ತಿಲ್ಲದ ಮರದ ಕೆಳಗೆ ಟವೆಲ್ ಹಾಸಬೇಡಿ.

ಸೇಂಟ್ ಲೂಸಿಯಾದಲ್ಲಿ ಬೀಚುಗಳೆಲ್ಲ ಸಾರ್ವಜನಿಕ, ಹೋಟೆಲಿನ ಮುಂದಿನದೂ ಸೇರಿ. ಕುರ್ಚಿ, ಛತ್ರಿಗೆ ಮಾತ್ರ ದುಡ್ಡು ಕೇಳುತ್ತಾರೆ. ಇನ್ನು ಫೋಟೋದಲ್ಲಿ ಕಾಣುವ ಹಾಲುಬಿಳುಪಿನ ಮರಳೇ ಎಲ್ಲ ಕಡೆ ಇರುತ್ತೆ ಅಂದುಕೊಳ್ಳಬೇಡಿ. ಸೂಫ್ರಿಯೇರ್ ಸುತ್ತಮುತ್ತ ಜ್ವಾಲಾಮುಖಿಯ ಮಣ್ಣು, ಮರಳು ಕಂದು ಬೂದು. ಎರಡು ಪಿಟೋನ್‌ಗಳ ನಡುವಿನ ರೆಸಾರ್ಟಿನ ಬಿಳಿ ಮರಳು ಹೊರಗಿನಿಂದ ತಂದು ಸುರಿದದ್ದು.

ಇವರಿಗೆ ಬೀಚ್ ಇಷ್ಟ ಇಲ್ಲ, ಕ್ರಿಕೆಟ್ ಹುಚ್ಚು. ಏನಾದರೂ ಇದೆಯಾ?

ದ್ವೀಪದ ಉತ್ತರದ ಗ್ರೋ ಐಲೆಟ್‌ನಲ್ಲಿ ಕ್ರೀಡಾಂಗಣ ಇದೆ, ಈಗ ವೆಸ್ಟ್ ಇಂಡೀಸ್‌ನ ಮಾಜಿ ನಾಯಕ ಡ್ಯಾರೆನ್ ಸ್ಯಾಮಿ ಹೆಸರಿನಲ್ಲಿ. ಅವರು ಇಲ್ಲಿಯವರೇ. 2006ರಲ್ಲಿ ನಮ್ಮ ದ್ರಾವಿಡ್ ನಾಯಕರಾಗಿ ಇಲ್ಲಿ ಟೆಸ್ಟ್ ಶತಕ ಹೊಡೆದಿದ್ದರು. 2010ರಲ್ಲಿ ರೈನಾ 101 ಹೊಡೆದದ್ದು ಇಲ್ಲೇ. 2024ರ ಜೂನ್‌ನಲ್ಲಿ ಆಸ್ಟ್ರೇಲಿಯಾ ಮೇಲೆ ರೋಹಿತ್ 92 ಹೊಡೆದಾಗ ದ್ರಾವಿಡ್ ಕೋಚ್ ಆಗಿ ಕೂತಿದ್ದರು. ನಮ್ಮ ದೋಣಿಯ ಕ್ಯಾಪ್ಟನ್‌ಗೆ ನಾವು ಬೆಂಗಳೂರಿನವರು ಅಂದ ತಕ್ಷಣ ಅವರೂ ನನ್ನ ಗಂಡನೂ ಚುಕ್ಕಾಣಿ ಹತ್ತಿರ ನಿಂತು ಮುಕ್ಕಾಲು ಗಂಟೆ ಕ್ರಿಕೆಟ್. ನಾನು ಬಲೆಯ ಮೇಲೆ ಒಬ್ಬಳೇ ಆರಾಮಾಗಿ ಮಲಗಿದ್ದೆ.

ಶಂಖ ಸಿಕ್ಕರೆ ಮನೆಗೆ ತರಬಹುದಾ?

ಬೇಡ. ಅಲ್ಲಿ ಮಾರುವ ಗುಲಾಬಿ ಒಳಮೈಯ ದೊಡ್ಡ ಶಂಖ ಕ್ವೀನ್ ಕಾಂಕ್. 1992ರಿಂದ ಅದರ ಸಾಗಾಟದ ಮೇಲೆ ಅಂತರರಾಷ್ಟ್ರೀಯ ನಿಯಂತ್ರಣ ಇದೆ, ಕಸ್ಟಮ್ಸ್‌ನಲ್ಲಿ ತಕರಾರಾಗಬಹುದು. ಪೂಜೆಗೆ ಇಡುವ ಶಂಖದ ಜಾತಿಯೂ ಅದಲ್ಲ. ಹವಳದ ತುಂಡು, ಮರಳು ಕೂಡ ಅಲ್ಲೇ ಇರಲಿ.

ನಮ್ಮ ಅತ್ತೆ ಶಂಖ ತಾ ಅಂದಿದ್ದರು. ಬದಲಿಗೆ ಕ್ಯಾಸ್ಟ್ರೀಸ್ ಮಾರ್ಕೆಟ್ಟಿನಿಂದ ಕೋಕೋ ಕಡ್ಡಿ ತಂದುಕೊಟ್ಟೆ. ಹುರಿದ ಕೋಕೋ ಬೀಜ ಅರೆದು ಬೆರಳುದ್ದ ಉರುಟಿದ್ದು. ತುರಿದು, ಹಾಲು, ಚಕ್ಕೆ, ಜಾಯಿಕಾಯಿ ಹಾಕಿ ಕುದಿಸಿ ಕುಡಿಯುವುದು ಅಲ್ಲಿನ ಬೆಳಗಿನ ಪಾನೀಯ. ಅತ್ತೆ ಒಂದು ಕಡ್ಡಿ ಮೂಸಿ ನೋಡಿ, ಲೋಭಾನ ಇರಬೇಕು ಅಂತ ದೇವರ ಮನೆಯಲ್ಲಿ ಇಟ್ಟುಬಿಟ್ಟಿದ್ದಾರೆ.